ಮರಣಶಾಸನಗಳೂ ಭೂದಾಖಲೆಗಳೂ: ವರ್ಜೀನಿಯದ ವಾಷಿಂಗ್ಟನ್ ವಂಶಾವಳಿಯ ಶೋಧ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನಿಗೆ 1791ರ ಕೊನೆಯಲ್ಲಿ ಲಂಡನ್ನಿನಿಂದ ಒಂದು ಪತ್ರ ಬಂದಿತು. ಅದನ್ನು ಬರೆದವನು ಇಂಗ್ಲೆಂಡಿನ ಲಾಂಛನ ಹಾಗೂ ವಂಶಾವಳಿಗಳ ಪ್ರಧಾನಾಧಿಕಾರಿಯಾಗಿದ್ದ ಸರ್ ಐಸಾಕ್ ಹರ್ಡ್. ಅಧ್ಯಕ್ಷನ ಪೂರ್ವಿಕರು ಇಂಗ್ಲೆಂಡಿನ ಯಾವ ಮನೆತನಕ್ಕೆ ಸೇರಿದವರೆಂಬುದನ್ನು ಹರ್ಡ್ ತಾನೇ ಶೋಧಿಸಹೊರಟಿದ್ದನು. ಅದಕ್ಕೆ ಬೇಕಾದ ವಿವರಗಳನ್ನು ಕೋರಿದ್ದನು. 1792ರ ಮೇ ತಿಂಗಳಲ್ಲಿ ಬರೆದ ಉತ್ತರದಲ್ಲಿ ವಾಷಿಂಗ್ಟನ್ನನು, ತಾನು ಈ ವಿಷಯಕ್ಕೆ ಹೆಚ್ಚು ಗಮನ ಕೊಟ್ಟವನಲ್ಲವೆಂದು ಒಪ್ಪಿಕೊಂಡು, ತನಗೆ ತಿಳಿದಷ್ಟನ್ನು ತಿಳಿಸಿದನು. ತನ್ನ ಮುತ್ತಜ್ಜ ಜಾನ್ ಮತ್ತು ಆತನ ಸೋದರ ಲಾರೆನ್ಸ್ ಎಂಬಿಬ್ಬರು 1657ರ ಸುಮಾರಿಗೆ ವರ್ಜೀನಿಯಕ್ಕೆ ಬಂದರೆಂದೂ, ಹಿರಿಯರು ಹೇಳುತ್ತಿದ್ದಂತೆ ಮನೆತನದ ಮೂಲ ಇಂಗ್ಲೆಂಡಿನ ಉತ್ತರದ ಲಂಕಾಷೈರ್, ಯಾರ್ಕ್‌ಷೈರ್ ಅಥವಾ ಅದಕ್ಕೂ ಆಚೆಯ ಯಾವುದೋ ಸೀಮೆಯೆಂದೂ ಅದರ ತಾತ್ಪರ್ಯ. ನೂರಮೂವತ್ತೈದು ವರ್ಷಗಳಷ್ಟೇ ಹಿಂದಿನ ಸಂಗತಿ. ಕೇಳಿದುದು ದೇಶದ ಅತ್ಯುನ್ನತ ಸ್ಥಾನದಲ್ಲಿದ್ದವನನ್ನು. ಆದರೂ ಮನೆಯಲ್ಲಿ ಉಳಿದಿದ್ದ ಸ್ಮೃತಿ ಇಷ್ಟೇ.

ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆಯಲು ಮುಂದೆ ಸುಮಾರು ಒಂದು ಶತಮಾನ ಹಿಡಿಯಿತು. ಅಂತಿಮವಾಗಿ ಉತ್ತರ ಬಂದುದು ಕುಲವೃತ್ತಾಂತಗಳಿಂದಲ್ಲ, ಸಮಾಧಿ ಲೇಖಗಳಿಂದಲೂ ಅಲ್ಲ. ಮರಣಶಾಸನಗಳು ಎಂದರೆ ಉಯಿಲುಗಳು, ಆಸ್ತಿನಿರ್ವಹಣೆಯ ಅಧಿಕಾರಪತ್ರಗಳು, ಕ್ರಯಪತ್ರಗಳು, ದಾನಪತ್ರಗಳು ಇಂಥ ವ್ಯಾವಹಾರಿಕ ಲಿಖಿತಗಳಿಂದ. ಬರೆದವರಾರೂ ಇವನ್ನು ಚರಿತ್ರೆಗೆಂದು ಬರೆದವರಲ್ಲ. ಅವುಗಳ ವಿಶ್ವಾಸಾರ್ಹತೆಗೆ ಇದೇ ಮುಖ್ಯ ಕಾರಣ. ವಂಶವನ್ನು ಕೊಂಡಾಡಲು ಹೊರಟ ಲೇಖಕನಿಗೆ ಪೂರ್ವಿಕರನ್ನು ದೊಡ್ಡವರನ್ನಾಗಿಸುವ ಆಸೆ ಇರುತ್ತದೆ. ಹಾಸಿಗೆ, ಹಸು, ಹೊಗೆಸೊಪ್ಪುಗಳನ್ನು ಮಕ್ಕಳಿಗೆ ಹಂಚುತ್ತಿರುವ ಮರಣೋನ್ಮುಖನಿಗೆ ಅಂಥ ಆಸೆಗೆ ಎಡೆಯಿಲ್ಲ.

ಹರ್ಡ್ ಮಾಡಿದ ನಿರ್ಣಯವನ್ನು ಮೊದಲು ನೋಡಬೇಕು. ನಾರ್ತಾಂಪ್ಟನ್‌ಷೈರಿನ ಸಲ್‌ಗ್ರೇವ್ ಎಂಬ ಗ್ರಾಮದಲ್ಲಿ ವಾಷಿಂಗ್ಟನ್ ಎಂಬ ಮನೆತನವೊಂದಿತ್ತು. ಅಲ್ಲಿಯ ಭೂಮಿಯನ್ನು 1539ರಲ್ಲಿ, ಕ್ರೈಸ್ತ ಮಠಗಳ ಆಸ್ತಿಯನ್ನು ರಾಜನು ವಶಪಡಿಸಿಕೊಂಡು ಮಾರುತ್ತಿದ್ದ ಕಾಲದಲ್ಲಿ, ಲಾರೆನ್ಸ್ ವಾಷಿಂಗ್ಟನ್ ಎಂಬ ಉಣ್ಣೆಯ ವರ್ತಕ ಕೊಂಡಿದ್ದನು. ಆತನ ಸಂತತಿಯಲ್ಲಿ 1616ರಲ್ಲಿ ತೀರಿಕೊಂಡ ಮತ್ತೊಬ್ಬ ಲಾರೆನ್ಸನಿಗೆ ಜಾನ್ ಮತ್ತು ಲಾರೆನ್ಸ್ ಎಂಬ ಮಕ್ಕಳಿದ್ದರು. ವರ್ಜೀನಿಯಕ್ಕೆ ಬಂದ ಸೋದರರ ಹೆಸರೂ ಜಾನ್ ಮತ್ತು ಲಾರೆನ್ಸ್. ಹೆಸರುಗಳೆರಡೂ ಕೂಡಿಬಂದುದರಿಂದ ಹರ್ಡ್ ಇವರೇ ಅವರೆಂದು ಊಹಿಸಿದನು. ಆತ ಜಾಗರೂಕನಾಗಿದ್ದು ತನ್ನ ಊಹೆ ಪೂರ್ಣ ಸಿದ್ಧವಾದುದಲ್ಲವೆಂಬ ಸಂಶಯವನ್ನು ಉಳಿಸಿಕೊಂಡಿದ್ದನೆಂಬುದನ್ನು ಮರೆಯಬಾರದು. ಆದರೆ ಅವನ ನಂತರ ಬಂದವರು ಸಂಶಯವನ್ನು ಕೈಬಿಟ್ಟು ನಿರ್ಣಯವನ್ನು ಮಾತ್ರ ಎತ್ತಿಕೊಂಡರು. ನಾರ್ತಾಂಪ್ಟನ್‌ಷೈರಿನ ಚರಿತ್ರೆಯನ್ನು ಬರೆದ ಜಾರ್ಜ್ ಬೇಕರ್ ಅದನ್ನು ಸ್ವೀಕರಿಸಿದರು; ಅಲ್ಲಿಂದ ಜೇರೆಡ್ ಸ್ಪಾರ್ಕ್ಸ್, ವಾಷಿಂಗ್ಟನ್ ಇರ್ವಿಂಗ್ ಮೊದಲಾದ ಜೀವನಚರಿತ್ರಕಾರರ ಗ್ರಂಥಗಳಿಗೆ ಅದು ಹರಿಯಿತು. ಒಂದು ಪ್ರತಿಯ ತಪ್ಪು ಪಾಠ ಮುಂದಿನ ಪ್ರತಿಗಳಲ್ಲೆಲ್ಲ ಸ್ಥಿರಪಡುವ ಬಗೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

1866ರಲ್ಲಿ ಈ ನಿರ್ಣಯದ ಬುಡಕ್ಕೇ ಪೆಟ್ಟು ಬಿದ್ದಿತು. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ್ದ ಜೋಸೆಫ್ ಲೆಮ್ಯುಯೆಲ್ ಚೆಸ್ಟರ್ ಅವರು ಸಲ್‌ಗ್ರೇವಿನ ಆ ಇಬ್ಬರು ಸೋದರರ ಜೀವನವನ್ನು ಹಂತಹಂತವಾಗಿ ದಾಖಲೆಗಳಲ್ಲಿ ಹಿಂಬಾಲಿಸಿದರು. ಜಾನನು ನೈಟ್ ಪದವಿ ಪಡೆದು ಥ್ರಾಪ್‌ಸ್ಟನ್ನಿನ ಸರ್ ಜಾನ್ ವಾಷಿಂಗ್ಟನ್ ಎನಿಸಿಕೊಂಡು ಇಂಗ್ಲೆಂಡಿನಲ್ಲಿಯೇ ಉಳಿದಿದ್ದನು. ವರ್ಜೀನಿಯದ ಜಾನ್ ತನ್ನ ಉಯಿಲಿನಲ್ಲಾಗಲಿ ಇತರ ಪತ್ರಗಳಲ್ಲಾಗಲಿ ಆ ಪದವಿಯನ್ನು ಎಲ್ಲಿಯೂ ಹೇಳಿಕೊಂಡವನಲ್ಲ. ಲಾರೆನ್ಸನಾದರೋ ಆಕ್ಸ್‌ಫರ್ಡಿನಲ್ಲಿ ಓದಿ, ಅಲ್ಲಿ ಬ್ರೇಸ್‌ನೋಸ್ ಕಾಲೇಜಿನ ಫೆಲೋ ಆಗಿದ್ದು, ಅನಂತರ ಎಸೆಕ್ಸಿನ ಪರ್ಲೀ ಎಂಬಲ್ಲಿ ಪಾದ್ರಿಯಾದನು. ಪಾದ್ರಿಯಾದವನು ವರ್ಜೀನಿಯದಲ್ಲಿ ಹೊಗೆಸೊಪ್ಪು ಬೆಳೆಯುವ ಸಾಹುಕಾರನಾಗಿ ಕಾಣಿಸಿಕೊಳ್ಳುವುದು ಅಸಂಭಾವ್ಯ. ಹೀಗೆ ಚೆಸ್ಟರ್ ಅವರು ಹಳೆಯ ವಂಶಾವಳಿಯನ್ನು ಅಳಿಸಿದರು. ಆದರೆ ಅದರ ಸ್ಥಾನದಲ್ಲಿ ಬೇರೊಂದನ್ನು ನಿಲ್ಲಿಸಲು ಅವರಿಗೆ ಸಾಧ್ಯವಾಗಲಿಲ್ಲ. ಇಲ್ಲದ ಆಧಾರದ ಮೇಲೆ ಕಟ್ಟುವುದಕ್ಕಿಂತ ಸ್ಥಾನವನ್ನು ಬರಿದಾಗಿಡುವುದು ಲೇಸೆಂಬ ಅವರ ನಿಲುವು ಅಂದು ಬಹಳ ಜನಕ್ಕೆ ರುಚಿಸಿರಲಾರದು.

ಈ ಘಟ್ಟದಲ್ಲಿ ಹೆನ್ರಿ ಫಿಟ್ಜ್‌ಗಿಲ್ಬರ್ಟ್ ವಾಟರ್ಸ್ ಅವರ ಪ್ರವೇಶವಾಯಿತು. ಬಾಸ್ಟನ್ನಿನಲ್ಲಿ 1845ರಲ್ಲಿ ಸ್ಥಾಪಿತವಾದ ನ್ಯೂ ಇಂಗ್ಲೆಂಡ್ ಐತಿಹಾಸಿಕ ವಂಶಾವಳಿ ಸಂಘವು 1883ರಲ್ಲಿ ಅವರನ್ನು ಲಂಡನ್ನಿಗೆ ಕಳುಹಿಸಿತು. ಕ್ಯಾಂಟರ್‌ಬರಿಯ ಪ್ರಧಾನ ಧರ್ಮನ್ಯಾಯಾಲಯದಲ್ಲಿ ಪ್ರಮಾಣೀಕೃತವಾದ ಉಯಿಲುಗಳ ಬೃಹತ್ ಸಂಪುಟಗಳು ಆಗ ಸಾಮರ್‌ಸೆಟ್ ಹೌಸಿನಲ್ಲಿದ್ದವು. ಹೆಸರು ಹಿಡಿದು ಒಂದೆರಡು ಉಯಿಲುಗಳನ್ನು ಹುಡುಕಿ ತೃಪ್ತರಾಗುವುದು ವಾಟರ್ಸ್ ಅವರ ಕ್ರಮವಾಗಿರಲಿಲ್ಲ. ಸಂಪುಟಗಳನ್ನೇ ಹಾಳೆ ಹಾಳೆಯಾಗಿ ಓದುತ್ತ, ಅಮೆರಿಕದ ವಸಾಹತುಗಳಿಗೆ ಸಂಬಂಧಪಟ್ಟುದೆಲ್ಲವನ್ನೂ ಟಿಪ್ಪಣಿ ಮಾಡಿಕೊಳ್ಳುತ್ತ ಹೋದರು. ಹಾರ್ವರ್ಡ್ ವಿದ್ಯಾಲಯಕ್ಕೆ ಹೆಸರು ಕೊಟ್ಟ ಜಾನ್ ಹಾರ್ವರ್ಡನ ತಂದೆತಾಯಿಗಳು ಯಾರೆಂಬುದು 1885ರಲ್ಲಿ ಗೊತ್ತಾದುದು ಈ ಶ್ರಮದಿಂದಲೇ. ಎರಡನೆಯ ಫಲ 1889ರಲ್ಲಿ ಪ್ರಕಟವಾದ ವಾಷಿಂಗ್ಟನ್ ವಂಶದ ಪರಿಶೋಧನೆ.

ವಾಟರ್ಸ್ ಅವರಿಗೆ ದೊರೆತುದು ಕೆಲವೇ ಸಾಲುಗಳ ಒಂದು ಆಸ್ತಿನಿರ್ವಹಣಾಧಿಕಾರದ ದಾಖಲೆ. ಹರ್ಟ್‌ಫರ್ಡ್‌ಷೈರಿನ ಟ್ರಿಂಗ್ ಎಂಬ ಊರಿನ ಆಂಫಿಲಿಸ್ ವಾಷಿಂಗ್ಟನ್ ಎಂಬಾಕೆ ಉಯಿಲು ಬರೆಯದೆ ತೀರಿಕೊಂಡಳು. ಆಕೆಯ ಆಸ್ತಿಯನ್ನು ನಿರ್ವಹಿಸುವ ಅಧಿಕಾರವನ್ನು ನ್ಯಾಯಾಲಯವು ಆಕೆಯ ಮಗ ಜಾನ್ ವಾಷಿಂಗ್ಟನ್ನನಿಗೆ ಕೊಟ್ಟಿತು. ಅದರ ಕಾಲ 1655ರ ಫೆಬ್ರವರಿ ಎಂದಿದೆ. ಇನ್ನೊಂದು ದಾಖಲೆ ಅದೇ ಟ್ರಿಂಗ್ ಊರಿನ ಆಂಡ್ರೂ ನೋಲಿಂಗ್ ಎಂಬವನ ಉಯಿಲು. ಅದರ ಕಾಲ 1649ರ ಜನವರಿ. ನೋಲಿಂಗ್ ತನ್ನ ಧರ್ಮಪುತ್ರನಾದ ಬಾಲಕ ಲಾರೆನ್ಸ್ ವಾಷಿಂಗ್ಟನ್ನನಿಗೆ ಭೂಮಿಯನ್ನು ಬಿಟ್ಟು, ಆತನ ತಾಯಿ ಆಂಫಿಲಿಸಳಿಗೂ ಜಾನ್, ವಿಲಿಯಂ, ಎಲಿಜಬೆತ್, ಮಾರ್ಗರೆಟ್, ಮಾರ್ಥಾ ಎಂಬ ಅವಳ ಇತರ ಮಕ್ಕಳಿಗೂ ಹಣವನ್ನು ಕೊಟ್ಟಿದ್ದಾನೆ. ಟ್ರಿಂಗ್ ಚರ್ಚಿನ ಪುಸ್ತಕದಲ್ಲಿ 1635ರಲ್ಲಿ ಲಾರೆನ್ಸನ, 1636ರಲ್ಲಿ ಎಲಿಜಬೆತ್ತಳ ನಾಮಕರಣದ ದಾಖಲೆಗಳಿವೆ.

ಇಲ್ಲಿ ಕಾಲಗಣನೆಯ ವಿಷಯವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ 1751ರವರೆಗೆ ವ್ಯಾವಹಾರಿಕ ವರ್ಷ ಆರಂಭವಾಗುತ್ತಿದ್ದುದು ಜನವರಿ 1ರಂದಲ್ಲ, ಮಾರ್ಚ್ 25ರಂದು. ಆದುದರಿಂದ ಜನವರಿ, ಫೆಬ್ರವರಿ ತಿಂಗಳುಗಳೂ ಮಾರ್ಚಿನ ಬಹುಭಾಗವೂ ಹಿಂದಿನ ವರ್ಷಕ್ಕೆ ಸೇರುತ್ತಿದ್ದವು. ಇದಲ್ಲದೆ ಯೂರೋಪಿನ ಇತರ ದೇಶಗಳು ಒಪ್ಪಿದ್ದ ಪರಿಷ್ಕೃತ ಪಂಚಾಂಗವನ್ನು ಇಂಗ್ಲೆಂಡ್ 1752ರಲ್ಲಿ ಒಪ್ಪಿತು. ಆ ವರ್ಷ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ಜಾರ್ಜ್ ವಾಷಿಂಗ್ಟನ್ ಹುಟ್ಟಿದುದು ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಇಂದಿನ ಲೆಕ್ಕದಲ್ಲಿ 1732ರ ಫೆಬ್ರವರಿ 22. ಇದನ್ನು ಲಕ್ಷಿಸದಿದ್ದರೆ ತಂದೆ ಸತ್ತ ಮೇಲೆ ಉಯಿಲು ಬರೆದಂತೆಯೂ ಮಗು ಮದುವೆಗೆ ಮುಂಚೆ ಹುಟ್ಟಿದಂತೆಯೂ ತೋರುವ ಪ್ರಸಂಗಗಳು ಬರುತ್ತವೆ. ಅಂಥ ತೋರಿಕೆಯ ವಿರೋಧಗಳನ್ನು ಪರಿಹರಿಸಲು ಹೊರಟು ಇಲ್ಲದ ಎರಡನೆಯ ಹೆಂಡತಿಯನ್ನು ಕಲ್ಪಿಸಿದ ವಂಶಾವಳಿಕಾರರೂ ಇಲ್ಲದಿಲ್ಲ. ಪ್ರಕೃತ ನೋಲಿಂಗನ ಉಯಿಲು ನಮ್ಮ ಲೆಕ್ಕದಲ್ಲಿ 1650ಕ್ಕೂ ಆಂಫಿಲಿಸಳ ಆಸ್ತಿಯ ದಾಖಲೆ 1656ಕ್ಕೂ ಸೇರುತ್ತವೆ. 1656ರ ಆರಂಭದಲ್ಲಿ ತಾಯಿಯ ಆಸ್ತಿಯ ಅಧಿಕಾರ ಪಡೆದ ಜಾನ್, 1657ರ ಆರಂಭದಲ್ಲಿ ಹಡಗೊಂದರ ಅಧಿಕಾರಿಯಾಗಿ ವರ್ಜೀನಿಯದ ಪೊಟೋಮ್ಯಾಕ್ ನದಿಯಲ್ಲಿ ಕಾಣಿಸಿಕೊಳ್ಳುವುದು ಕಾಲದೃಷ್ಟಿಯಿಂದ ಸುಸಂಗತವಾಗಿದೆ.

ಆದರೆ ಹೆಸರು ಮತ್ತು ಕಾಲಗಳ ಸಾಮ್ಯವಷ್ಟೇ ಸಾಲದು. ಹರ್ಡ್ ಎಡವಿದುದೂ ಹೆಸರಿನ ಸಾಮ್ಯದಲ್ಲಿಯೇ. ಟ್ರಿಂಗಿನ ಜಾನನೂ ವರ್ಜೀನಿಯದ ಜಾನನೂ ಒಬ್ಬನೇ ಎಂಬುದಕ್ಕೆ ಸಮುದ್ರದ ಈಚೆಯ ದಡದ ಸಾಕ್ಷ್ಯ ಬೇಕು. ಅದು ವರ್ಜೀನಿಯದ ಮೂರು ಉಯಿಲುಗಳಲ್ಲಿದೆ.

ಮೊದಲನೆಯದು ಜಾನನದೇ ಉಯಿಲು. 1675ರ ಸೆಪ್ಟೆಂಬರಿನಲ್ಲಿ ಬರೆದ ಇದು ಆತನ ಮರಣಾನಂತರ ಪ್ರಮಾಣೀಕೃತವಾಯಿತು. ಇದರಲ್ಲಿ ಆತ ತನ್ನ ಸೋದರಿ ಮಾರ್ಥಾಳಿಗೆ ಇಂಗ್ಲೆಂಡಿನಲ್ಲಿರುವ ತನ್ನ ಹಣದಿಂದ 10 ಪೌಂಡುಗಳನ್ನು ಕೊಟ್ಟು, ಆಕೆಯನ್ನು ವರ್ಜೀನಿಯಕ್ಕೆ ಕರೆತಂದ ಪ್ರಯಾಣದ ವೆಚ್ಚವನ್ನೂ ಬಂದ ಮೇಲಿನ ಒಂದು ವರ್ಷದ ವಸತಿಯ ವೆಚ್ಚವನ್ನೂ ಮನ್ನಾ ಮಾಡಿ, ಮೇಲೆ 4,000 ಪೌಂಡು ತೂಕದ ಹೊಗೆಸೊಪ್ಪನ್ನು ಬಿಟ್ಟಿದ್ದಾನೆ. ಆಗಿನ ವರ್ಜೀನಿಯದಲ್ಲಿ ಹೊಗೆಸೊಪ್ಪೇ ನಾಣ್ಯ. ತೆರಿಗೆ, ಪಾದ್ರಿಯ ಸಂಬಳ, ದಂಡ ಎಲ್ಲವೂ ಅದರಲ್ಲಿಯೇ. ಎರಡನೆಯದು ಸೋದರ ಲಾರೆನ್ಸನ ಉಯಿಲು. ಅದೂ 1675ರ ಸೆಪ್ಟೆಂಬರಿನದೇ. ಆತ ಮೊದಲ ಹೆಂಡತಿಯಿಂದ ಹುಟ್ಟಿದ ಮೇರಿ ಎಂಬ ಮಗಳಿಗೆ ಇಂಗ್ಲೆಂಡಿನಲ್ಲಿರುವ ತನ್ನ ಸ್ಥಿರಚರಾಸ್ತಿಯೆಲ್ಲವನ್ನೂ ಕೊಟ್ಟಿದ್ದಾನೆ. ಈತ 1660ರಲ್ಲಿ ಮದುವೆಯಾದುದು ಬೆಡ್‌ಫರ್ಡ್‌ಷೈರಿನ ಲ್ಯೂಟನ್ನಿನಲ್ಲಿ. ಲ್ಯೂಟನ್ ಟ್ರಿಂಗಿಗೆ ದೂರವಲ್ಲ. ಇಂಗ್ಲೆಂಡಿನಲ್ಲಿ ಭೂಮಿ ಇದ್ದ ಲಾರೆನ್ಸ್ ಎಂದಾಗ ನೋಲಿಂಗ್ ತನ್ನ ಧರ್ಮಪುತ್ರ ಲಾರೆನ್ಸನಿಗೆ ಭೂಮಿ ಬಿಟ್ಟುಹೋದುದು ನೆನಪಿಗೆ ಬರಬೇಕು.

ಮೂರನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ವರ್ಜೀನಿಯಕ್ಕೆ ಬಂದ ಮಾರ್ಥಾ ಸ್ಯಾಮ್ಯುಯೆಲ್ ಹೇವರ್ಡನನ್ನು ಮದುವೆಯಾಗಿ, ವಿಧವೆಯಾಗಿ, 1697ರಲ್ಲಿ ಸ್ಟ್ಯಾಫರ್ಡ್ ಜಿಲ್ಲೆಯಲ್ಲಿ ಉಯಿಲು ಬರೆದಳು. ಅದರಲ್ಲಿ ವರ್ಜೀನಿಯದ ವಾಷಿಂಗ್ಟನ್ನರನ್ನು ಸ್ಮರಿಸಿದ ಮೇಲೆ, ಇಂಗ್ಲೆಂಡಿನಲ್ಲಿರುವ ತನ್ನ ಹಿರಿಯ ಅಕ್ಕ ಎಲಿಜಬೆತ್ತಳನ್ನೂ ಇನ್ನೊಬ್ಬ ಸೋದರಿ ಮಾರ್ಗರೆಟ್ಟಳನ್ನೂ ಅವರ ಗಂಡಂದಿರ ಮನೆತನದ ಹೆಸರುಗಳೊಡನೆ ಹೆಸರಿಸಿದ್ದಾಳೆ. ಎಲಿಜಬೆತ್, ಮಾರ್ಗರೆಟ್, ಮಾರ್ಥಾ: ನಲವತ್ತೇಳು ವರ್ಷಗಳ ಹಿಂದೆ ಟ್ರಿಂಗಿನ ನೋಲಿಂಗ್ ತನ್ನ ಉಯಿಲಿನಲ್ಲಿ ಹೇಳಿದ ಮೂವರು ಹುಡುಗಿಯರು. ಜಾನ್, ಲಾರೆನ್ಸ್ ಎಂಬ ಹೆಸರುಗಳು ಆ ಕುಲದ ಶಾಖೆಶಾಖೆಗಳಲ್ಲಿ ಮರುಕಳಿಸುತ್ತಿದ್ದುದರಿಂದ ಅವು ಎರಡೇ ಕೂಡಿಬಂದರೆ ಏನೂ ಸಿದ್ಧವಾಗದು. ಇಬ್ಬರು ಸೋದರರೂ ಮೂವರು ಸೋದರಿಯರೂ ಒಂದೇ ಕುಟುಂಬದಲ್ಲಿ, ಎರಡೂ ದಡಗಳ ಪತ್ರಗಳಲ್ಲಿ, ಹೊಂದಿಕೊಂಡು ಬಂದಾಗ ಆಕಸ್ಮಿಕವೆನ್ನಲು ಅವಕಾಶ ಉಳಿಯುವುದಿಲ್ಲ. ಗಂಡಸರ ಹೆಸರುಗಳಿಂದ ಬಿಡಿಸಲಾರದ ಗಂಟನ್ನು ಹೆಂಗಸರ ಹೆಸರುಗಳು ಬಿಡಿಸಿದುವೆಂಬುದು ಇಲ್ಲಿಯ ವಿಶೇಷ.

ಆಂಫಿಲಿಸಳ ಗಂಡ ಯಾರು? ಪರ್ಲೀ ಊರಿನ ಪಾದ್ರಿ ಲಾರೆನ್ಸ್ ವಾಷಿಂಗ್ಟನ್ ಎಂಬುದು ವಾಟರ್ಸ್ ಅವರ ನಿರ್ಣಯ. ಅನಂತರದ ಶೋಧಗಳು ಅದನ್ನು ದೃಢಪಡಿಸಿವೆ. ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ಪಾರ್ಲಿಮೆಂಟಿನ ಪಕ್ಷದವರು ಈತನನ್ನು ಪರ್ಲೀಯಿಂದ ತೆಗೆದುಹಾಕಿದರು. ಹೆಂಡದ ಅಂಗಡಿಗಳಲ್ಲಿ ಕಾಲ ಕಳೆಯುತ್ತಿದ್ದನೆಂಬುದು ಅವರು ಹೊರಿಸಿದ ದೋಷ. ಆತನನ್ನು ಬಲ್ಲ ನ್ಯಾಯಾಧಿಕಾರಿಯೊಬ್ಬನು ಆತ ವಿನಯಶೀಲನೂ ಮಿತಾಚಾರಿಯೂ ಆಗಿದ್ದನೆಂದು ಸಾಕ್ಷ್ಯ ನುಡಿದಿರುವುದರಿಂದ, ರಾಜಪಕ್ಷದವನಾಗಿದ್ದುದೇ ಆತನ ನಿಜವಾದ ದೋಷವೆಂದು ತೋರುತ್ತದೆ. ಆಮೇಲೆ ಬಡ ಚರ್ಚೊಂದರಲ್ಲಿ ಕಾಲ ಕಳೆದು, 1653ರ ಜನವರಿಯಲ್ಲಿ ಮಾಲ್ಡನ್ನಿನಲ್ಲಿ ಸಮಾಧಿಯಾದನು. ಮಕ್ಕಳು ಸಮುದ್ರ ದಾಟಿದುದು ಏಕೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಈ ಪಾದ್ರಿ ಬೇರೆ ಯಾರೂ ಅಲ್ಲ. ಹರ್ಡ್ ಯಾರನ್ನು ವಲಸೆ ಬಂದ ಸೋದರನೆಂದು ಭಾವಿಸಿದ್ದನೋ, ಯಾರು ಪಾದ್ರಿಯಾದ್ದರಿಂದ ವಲಸೆ ಬಂದವನಾಗಿರಲಾರನೆಂದು ಚೆಸ್ಟರ್ ಸಾಧಿಸಿದರೋ ಅದೇ ಸಲ್‌ಗ್ರೇವಿನ ಲಾರೆನ್ಸ್. ವಲಸೆ ಬಂದವರು ಆತನ ಮಕ್ಕಳು. ಥ್ರಾಪ್‌ಸ್ಟನ್ನಿನ ಸರ್ ಜಾನ್ ಅವರ ದೊಡ್ಡಪ್ಪ. ಹರ್ಡ್ ಗುರುತಿಸಿದ ಮನೆ ಸರಿ, ತಲೆಮಾರು ತಪ್ಪು. ಚೆಸ್ಟರ್ ಅವರ ನಿಷೇಧವೂ ಸರಿಯೇ. ಇನ್ನು ಮನೆತನದ ಐತಿಹ್ಯದ ಮಾತು. ಸಲ್‌ಗ್ರೇವಿನ ಭೂಮಿಯನ್ನು ಕೊಂಡ ಮೊದಲ ಲಾರೆನ್ಸ್ ಬಂದುದು ಲಂಕಾಷೈರಿನ ವಾರ್ಟನ್ನಿನಿಂದ. ಜಾರ್ಜ್ ವಾಷಿಂಗ್ಟನ್ ಹೇಳಿದ ಉತ್ತರ ಸೀಮೆಯ ನೆನಪು ಸುಳ್ಳಲ್ಲ. ಮುತ್ತಜ್ಜನಿಗೆ ಅನ್ವಯಿಸಿಕೊಂಡುದು ಮಾತ್ರ ತಪ್ಪು. ಐತಿಹ್ಯವು ಊರನ್ನು ಉಳಿಸಿಕೊಂಡು ನಡುವಣ ತಲೆಮಾರುಗಳನ್ನು ನುಂಗಿಬಿಟ್ಟಿತು.

ಉಯಿಲುಗಳ ಭಾಷೆಯಲ್ಲಿ ಇಂದಿನ ಅರ್ಥವನ್ನು ಆರೋಪಿಸಿ ಓದುವುದರಿಂದ ಆಗುವ ಪ್ರಮಾದಕ್ಕೂ ಇದೇ ಪ್ರಕರಣ ಒಳ್ಳೆಯ ನಿದರ್ಶನ. ನೋಲಿಂಗ್ ಆಂಫಿಲಿಸಳನ್ನು ಕರೆದಿರುವುದು ಇಂದಿನ ಇಂಗ್ಲಿಷಿನಲ್ಲಿ ಸೊಸೆಯೆಂದು ಅರ್ಥ ಕೊಡುವ ಮಾತಿನಿಂದ. ಆದರೆ ಆಕೆ ಆತನ ಮಗನ ಹೆಂಡತಿಯಲ್ಲ. ಹದಿನೇಳನೆಯ ಶತಮಾನದಲ್ಲಿ ಆ ಶಬ್ದಕ್ಕೆ ಹೆಂಡತಿಯ ಮೊದಲ ಗಂಡನ ಮಗಳು ಎಂಬ ಅರ್ಥವೂ ಇತ್ತು. ಅದೇ ಉಯಿಲಿನಲ್ಲಿ ವಿಲಿಯಂ ರೋಡ್ಸ್ ಎಂಬವನನ್ನೂ ಇಂಥದೇ ಶಬ್ದದಿಂದ ಕರೆದಿರುವುದನ್ನು ನೋಡಿ ಕೆಲವರು ಆಂಫಿಲಿಸಳ ತವರು ರೋಡ್ಸ್ ಮನೆತನವೆಂದು ಬರೆದರು. ಆಕೆ ನಾರ್ತಾಂಪ್ಟನ್‌ಷೈರಿನ ಟ್ವಿಗ್ಡೆನ್ ಮನೆತನದವಳೆಂದು ಅನಂತರದ ಶೋಧದಿಂದ ತಿಳಿದಿದೆ. ಹೀಗೆಯೇ ಇಂದು ಚಿಕ್ಕಪ್ಪ, ಮಾವಂದಿರ ಮಕ್ಕಳಿಗೆ ಸಲ್ಲುವ ಕಸಿನ್ ಎಂಬ ಮಾತು ಅಂದು ಅಣ್ಣತಮ್ಮಂದಿರ ಮಕ್ಕಳಿಗೂ ಸಲ್ಲುತ್ತಿತ್ತು. ಹಿರಿಯ, ಕಿರಿಯ ಎಂಬ ವಿಶೇಷಣಗಳು ತಂದೆಮಕ್ಕಳನ್ನೇ ಸೂಚಿಸಬೇಕಾಗಿರಲಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ವಯಸ್ಸಿನಿಂದ ಬೇರ್ಪಡಿಸಲು ಅವು ಸಾಕಾಗಿದ್ದವು. ಉಯಿಲು ಬರೆದವನು ಈಗಿನ ಹೆಂಡತಿ ಎಂದರೆ ಹಿಂದೊಬ್ಬಳಿದ್ದಳೆಂದು ಅರ್ಥವಲ್ಲ.

ಉಯಿಲಿನಲ್ಲಿ ಹೇಳದಿರುವುದಕ್ಕೂ ಅರ್ಥವಿರುತ್ತದೆ. ವರ್ಜೀನಿಯದಲ್ಲಿ ಜ್ಯೇಷ್ಠಾಧಿಕಾರ ಜಾರಿಯಲ್ಲಿತ್ತು. ಉಯಿಲಿನಲ್ಲಿ ವಿಲೇವಾರಿ ಮಾಡದ ಭೂಮಿ ಹಿರಿಯ ಮಗನಿಗೆ ತಾನಾಗಿಯೇ ಸೇರುತ್ತಿತ್ತು. ಈ ನಿಯಮವನ್ನು ರದ್ದುಮಾಡಿದ ಕಾನೂನು ಬಂದುದು 1785ರಲ್ಲಿ. ಆದುದರಿಂದ ಹಿರಿಯ ಮಗನ ಹೆಸರೇ ಉಯಿಲಿನಲ್ಲಿ ಇಲ್ಲದಿದ್ದರೆ ಆತ ಸತ್ತಿದ್ದನೆಂದಾಗಲಿ ತ್ಯಕ್ತನಾಗಿದ್ದನೆಂದಾಗಲಿ ಹೇಳಲು ಬರುವುದಿಲ್ಲ. ಮ್ಯಾಸಚೂಸೆಟ್ಸಿನಲ್ಲಾದರೆ ಬೈಬಲ್ಲಿನ ವಿಧಿಯನ್ನನುಸರಿಸಿ, ಉಯಿಲಿಲ್ಲದೆ ಸತ್ತವನ ಹಿರಿಯ ಮಗನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು. ಅಲ್ಲಿಯ ಪಾಲುಪಟ್ಟಿಯಲ್ಲಿ ಎರಡು ಪಾಲು ಪಡೆದವನು ಯಾರೆಂದು ನೋಡಿದರೆ ಜ್ಯೇಷ್ಠನು ಯಾರೆಂಬುದು ಗೊತ್ತಾಗುತ್ತದೆ. ಎರಡು ಕಡೆಯ ಕಾನೂನೂ ಒಂದೇ ಎಂದು ತಿಳಿದು ಓದಿದವರಿಗೆ ಎರಡೂ ಮೋಸ ಮಾಡುತ್ತವೆ.

ಗಂಡಿರುವ ಹೆಂಗಸು ಸ್ವತಂತ್ರವಾಗಿ ಉಯಿಲು ಬರೆಯುವಂತಿರಲಿಲ್ಲ. ಹೆಂಗಸರ ಉಯಿಲುಗಳು ಬಹುಮಟ್ಟಿಗೆ ವಿಧವೆಯರವು. ಹಲವು ಮದುವೆಗಳಾಗಿದ್ದರೆ ಅವು ಕೊನೆಯ ಗಂಡನ ಹೆಸರಿನಡಿ ಅಡಗಿರುತ್ತವೆ. ಜಾರ್ಜ್ ವಾಷಿಂಗ್ಟನ್ನನ ತಾಯಿ ಮೇರಿ ಬಾಲ್‌ಳ ಬಾಲ್ಯ ಬಹುಕಾಲ ಅಜ್ಞಾತವಾಗಿದ್ದುದು ಇದರಿಂದಲೇ. ಆಕೆಯ ತಾಯಿ ಜೋಸೆಫ್ ಬಾಲನನ್ನು ವರಿಸುವಾಗ ಮೇರಿ ಜಾನ್ಸನ್ ಎಂಬ ವಿಧವೆ. ಬಾಲ್ 1711ರಲ್ಲಿ ತೀರಿಕೊಂಡ ಮೇಲೆ ರಿಚರ್ಡ್ ಹ್ಯೂಸ್ ಎಂಬವನನ್ನು ಮದುವೆಯಾದಳು. 1721ರಲ್ಲಿ ನಾರ್ತಂಬರ್ಲೆಂಡ್ ಜಿಲ್ಲೆಯಲ್ಲಿ ಪ್ರಮಾಣೀಕೃತವಾದ ಮೇರಿ ಹ್ಯೂಸಳ ಉಯಿಲಿನಲ್ಲಿ ಬಾಲ್ ಮನೆತನದವರನ್ನು ಹುಡುಕಬೇಕೆಂದು ಯಾರಿಗೂ ತೋರಿರಲಿಲ್ಲ. ಆ ಉಯಿಲು ಬೆಳಕಿಗೆ ಬಂದಾಗ, ತಾಯಿ ಮಗಳಿಗೆ ಎರಡು ಚಿನ್ನದ ಉಂಗುರ, ಹಾಸಿಗೆ, ಜೀನು ಇತ್ಯಾದಿಗಳನ್ನು ಬಿಟ್ಟು ಜಾರ್ಜ್ ಎಸ್ಕ್ರಿಜ್ ಎಂಬವನನ್ನು ರಕ್ಷಕನನ್ನಾಗಿ ಮಾಡಿದುದು ತಿಳಿಯಿತು. ಮಗಳು ಮುಂದೆ ತನ್ನ ಚೊಚ್ಚಲ ಮಗನಿಗೆ ಜಾರ್ಜ್ ಎಂದು ಹೆಸರಿಟ್ಟುದು ಆ ಎಸ್ಕ್ರಿಜನ ಸ್ಮರಣೆಗಾಗಿಯೇ ಇರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಅದೇ ಉಯಿಲಿನಲ್ಲಿ ಮಗಳಿಗಾಗಿ ಒಬ್ಬ ಕರಿಯ ಯುವತಿಯನ್ನು ಕೊಂಡುಕೊಡಬೇಕೆಂಬ ಮಾತೂ ಇದೆ. ಉಂಗುರಗಳ ಆಕಾರವನ್ನು ವರ್ಣಿ‌ಸಿದೆ, ಯುವತಿಗೆ ಹೆಸರಿಲ್ಲ.

ಭೂದಾಖಲೆಗಳ ಸ್ವರೂಪ ಬೇರೆ. ಉಯಿಲು ಒಂದು ಸಲ ಮಾತನಾಡುತ್ತದೆ. ಒಂದು ಹೊಲದ ದಾಖಲೆಗಳು ಕೈಯಿಂದ ಕೈಗೆ ಮಾತನಾಡುತ್ತ ಹೋಗುತ್ತವೆ. ವಾಷಿಂಗ್ಟನ್ನನ ಮೌಂಟ್ ವರ್ನನ್ ಎಸ್ಟೇಟನ್ನೇ ನೋಡಬಹುದು. ವಲಸೆ ಬಂದ ಜಾನನೂ ನಿಕೊಲಸ್ ಸ್ಪೆನ್ಸರನೂ ಕೂಡಿ 1674ರಲ್ಲಿ 5,000 ಎಕರೆ ಪಡೆದರು. 1690ರಲ್ಲಿ ಅದು ಎರಡು ಪಾಲಾಗಿ ಒಂದರ್ಧ ಜಾನನ ಮಗ ಲಾರೆನ್ಸನಿಗೆ ಬಂದಿತು. 1698ರಲ್ಲಿ ತೀರಿಕೊಂಡ ಲಾರೆನ್ಸ್ ಅದನ್ನು ಮಗಳು ಮಿಲ್‌ಡ್ರೆಡ್‌ಳಿಗೆ ಬಿಟ್ಟನು. ಆಕೆ 1726ರಲ್ಲಿ 180 ಪೌಂಡುಗಳಿಗೆ ಸೋದರ ಅಗಸ್ಟೀನನಿಗೆ ಮಾರಿದಳು. 1743ರಲ್ಲಿ ಅಗಸ್ಟೀನನ ಉಯಿಲಿನಂತೆ ಅದು ಮೊದಲ ಹೆಂಡತಿಯ ಮಗ ಲಾರೆನ್ಸನಿಗೆ ಸೇರಿತು. ಆತ 1752ರಲ್ಲಿ ತೀರಿಕೊಂಡಾಗ ಹೆಂಡತಿ ಆನಳಿಗೆ ಜೀವಾವಧಿಯ ಅನುಭೋಗ ಉಳಿಯಿತು. ಮಗಳು ಸತ್ತರೆ ಮಲತಮ್ಮ ಜಾರ್ಜನಿಗೆ ಎಂದು ಆತ ಬರೆದಿದ್ದನು. ಮಗಳು 1754ರಲ್ಲಿ ಸತ್ತಳು. ಆನ್ ಮರುಮದುವೆಯಾಗಿದ್ದಳು. ಜಾರ್ಜ್ ತಾನು ಮುಂದೆ ಪಡೆಯಬೇಕಾದ ಭೂಮಿಗೆ ಅವಳಿಂದ ಗೇಣಿಯ ಪತ್ರ ಬರೆಸಿಕೊಂಡು ವರ್ಷಕ್ಕೆ 15,000 ಪೌಂಡು ಹೊಗೆಸೊಪ್ಪು ತೆರುತ್ತ ಬಂದು, 1761ರಲ್ಲಿ ಆಕೆ ತೀರಿಕೊಂಡ ಮೇಲೆ ಒಡೆಯನಾದನು. ಹುಟ್ಟು, ಮದುವೆ, ಸಾವುಗಳ ದಾಖಲೆ ಒಂದೂ ಉಳಿಯದೆ ಹೋಗಿದ್ದರೂ ಈ ಹೊಲದ ಪತ್ರಗಳಿಂದಲೇ ನಾಲ್ಕು ತಲೆಮಾರುಗಳನ್ನು ಜೋಡಿಸಬಹುದಾಗಿತ್ತು. ಒಬ್ಬನು ಮಾರಿದ ಭೂಮಿಗೆ ಆತ ಕೊಂಡ ಪತ್ರ ಎಲ್ಲಿಯೂ ದೊರೆಯದಿದ್ದರೆ, ಅದು ಆತನಿಗೆ ಉತ್ತರಾಧಿಕಾರದಿಂದಲೋ ಹೆಂಡತಿಯ ಕಡೆಯಿಂದಲೋ ಬಂದಿರಬೇಕೆಂಬ ಅನುಮಾನ ಹುಟ್ಟಬೇಕು. ಆ ಹೊಲದ ಹಿಂದಿನ ಒಡೆಯನನ್ನು ಹುಡುಕಬೇಕು.

ವರ್ಜೀನಿಯದ ಅತಿ ಹಳೆಯ ಭೂಪತ್ರಗಳಲ್ಲಿ ತಲೆಹಕ್ಕು ಎಂಬುದೊಂದಿದೆ. 1618ರ ಆದೇಶದಂತೆ, ಹಡಗಿನ ವೆಚ್ಚ ಕೊಟ್ಟು ಕರೆತಂದ ಪ್ರತಿಯೊಬ್ಬನ ತಲೆಗೆ 50 ಎಕರೆ. ಕರೆತಂದವರ ಹೆಸರುಗಳನ್ನು ಪತ್ರದ ಕೆಳಗೆ ಬರೆಯುತ್ತಿದ್ದರು. ಬೇರೆಲ್ಲಿಯೂ ಕಾಣದ ಸಾವಿರಾರು ಬಡವರ ಹೆಸರುಗಳು ಇಲ್ಲಿ ಉಳಿದಿವೆ. ಆದರೆ ಈ ಹಕ್ಕು ಕೊಟ್ಟುಕೊಳ್ಳುವ ಸರಕಾಗಿತ್ತು. ಒಂದೇ ತಲೆಗೆ ಇಬ್ಬರು ಮೂವರು ಭೂಮಿ ಪಡೆದುದೂ ಉಂಟು. ಪತ್ರದ ವರ್ಷವೇ ಬಂದ ವರ್ಷವೆಂದಾಗಲಿ, ಭೂಮಿ ಪಡೆದವನೇ ಕರೆತಂದವನೆಂದಾಗಲಿ ಹೇಳುವುದು ಸಾಹಸ.

ಈ ತಲೆಹಕ್ಕಿನಿಂದಲೇ 1651ರಲ್ಲಿ ಆಂಟನಿ ಜಾನ್ಸನ್ ಎಂಬವನು 250 ಎಕರೆ ಪಡೆದನು. ಆತ 1621ರಲ್ಲಿ ವರ್ಜೀನಿಯಕ್ಕೆ ಬಂದ ಆಫ್ರಿಕದವನು. ದಾಸ್ಯದಿಂದ ಬಿಡುಗಡೆ ಹೊಂದಿ ಭೂಮಾಲಿಕನಾದವನು. 1660ರ ದಶಕದಲ್ಲಿ ಕುಟುಂಬ ಮೇರಿಲ್ಯಾಂಡಿಗೆ ಹೋಯಿತು. ಆತ ಸತ್ತ ಮೇಲೆ 1670ರಲ್ಲಿ ವರ್ಜೀನಿಯದ ಪಂಚರು, ಆತ ಕರಿಯನಾದ್ದರಿಂದ ಪರದೇಶೀಯನೆಂದು ಹೇಳಿ, ಅಲ್ಲಿ ಉಳಿದ ಭೂಮಿಗೆ ಮಕ್ಕಳ ಹಕ್ಕನ್ನು ತೆಗೆದುಹಾಕಿದರು. 1677ರಲ್ಲಿ ಆತನ ಮೊಮ್ಮಗ ಜಾನ್ ಮೇರಿಲ್ಯಾಂಡಿನಲ್ಲಿ 44 ಎಕರೆ ಕೊಂಡು ಅದಕ್ಕೆ ಅಂಗೋಲ ಎಂದು ಹೆಸರಿಟ್ಟನು. ಮೂರನೆಯ ತಲೆಮಾರಿನಲ್ಲಿ ಉಳಿದಿದ್ದ ತಾಯ್ನಾಡಿನ ನೆನಪು ಒಂದು ಹೊಲದ ಹೆಸರಾಗಿ ಭೂದಾಖಲೆಯಲ್ಲಿ ಉಳಿಯಿತು.

ಭೂಮಿಯೂ ಇಲ್ಲದೆ ಉಯಿಲೂ ಬರೆಯಲಾಗದೆ, ಇತರರ ಉಯಿಲುಗಳಲ್ಲಿ ಸೊತ್ತಾಗಿ ಮಾತ್ರ ಕಾಣಿಸಿಕೊಳ್ಳುವವರ ವಂಶಾನ್ವೇಷಣೆ ಅತ್ಯಂತ ಕಷ್ಟದ್ದು. ಅಲೆಕ್ಸ್ ಹೇಲಿ 1976ರಲ್ಲಿ ಪ್ರಕಟಿಸಿದ ‘ರೂಟ್ಸ್’ ಗ್ರಂಥವು 1767ರಲ್ಲಿ ಗ್ಯಾಂಬಿಯಾದಿಂದ ತಂದು ವರ್ಜೀನಿಯದ ವಾಲರ್ ಮನೆತನಕ್ಕೆ ಮಾರಿದ, ಟೋಬಿ ಎಂದು ಹೆಸರು ಬದಲಿಸಿದ ಪೂರ್ವಿಕನವರೆಗೆ ವಂಶವನ್ನು ಒಯ್ಯಿತು. 1981ರಲ್ಲಿ ಗ್ಯಾರಿ ಮಿಲ್ಸ್ ಮತ್ತು ಎಲಿಜಬೆತ್ ಶೋನ್ ಮಿಲ್ಸ್ ಅವರು ವಾಲರ್ ಮನೆತನದ ಉಯಿಲು, ಕ್ರಯಪತ್ರ, ತೆರಿಗೆಪಟ್ಟಿಗಳನ್ನು ಪರಿಶೀಲಿಸಿ, ಆ ಟೋಬಿ ಹಡಗು ಬರುವುದಕ್ಕೆ ಮೊದಲೇ, 1762ರಲ್ಲಿಯೇ, ದಾಖಲೆಗಳಲ್ಲಿದ್ದಾನೆಂದೂ ಮಗಳು ಹುಟ್ಟಿದಳೆನ್ನುವ ಕಾಲಕ್ಕೆ ಮುಂಚೆಯೇ ಆತ ಕಣ್ಮರೆಯಾಗುತ್ತಾನೆಂದೂ ತೋರಿಸಿದರು. ಆ ಗ್ರಂಥ ಲಕ್ಷಾಂತರ ಜನರನ್ನು ತಮ್ಮ ಹಿರಿಯರನ್ನು ಹುಡುಕುವಂತೆ ಮಾಡಿತೆಂಬುದು ಸತ್ಯ. ಆ ಉಪಕಾರದಿಂದ ಟೋಬಿಯ ಕಾಲ ಬದಲಾಗುವುದಿಲ್ಲ. ಒಡೆಯನ ಪತ್ರಗಳೇ ಇಂಥವರಿಗೂ ಆಧಾರವೆಂಬುದನ್ನು ಈ ಪರಿಶೀಲನೆ ತೋರಿಸಿಕೊಟ್ಟಿತು. 1791ರಲ್ಲಿ ಮೂರನೆಯ ರಾಬರ್ಟ್ ಕಾರ್ಟರ್ ತನ್ನ ದಾಸರಲ್ಲಿ 450ಕ್ಕೂ ಹೆಚ್ಚು ಮಂದಿಯನ್ನು ಬಿಡುಗಡೆ ಮಾಡಿ ನೋಂದಾಯಿಸಿದ ಪತ್ರದಲ್ಲಿ ಅವರ ಹೆಸರು, ವಯಸ್ಸುಗಳಿವೆ. ಅವರ ಸಂತತಿಯವರಿಗೆ ಅದಕ್ಕಿಂತ ದೊಡ್ಡ ಆಕರ ಬೇರೊಂದಿಲ್ಲ.

ಕೂಟಲೇಖಗಳ ವಿಷಯವನ್ನೂ ಹೇಳಬೇಕು. ಸ್ವೀಡನ್ನಿನಲ್ಲಿ ಕೂಟಲೇಖನದ ಅಪರಾಧಕ್ಕೆ ಶಿಕ್ಷೆಗೊಳಗಾಗಿ ಅಮೆರಿಕಕ್ಕೆ ಬಂದು ಗುಸ್ತಾವ್ ಅಂಜೂ ಎಂದು ಹೆಸರಿಟ್ಟುಕೊಂಡವನೊಬ್ಬನು ಹಣವಂತರಿಗೆ ವಂಶಾವಳಿಗಳನ್ನು ಸಿದ್ಧಪಡಿಸಿ ಮಾರುತ್ತಿದ್ದನು. ಆತನ ಕೌಶಲ ಸುಳ್ಳಿನ ಪ್ರಮಾಣದಲ್ಲಿರಲಿಲ್ಲ, ಸ್ಥಾನದಲ್ಲಿತ್ತು. ಹತ್ತು ನಿಜವಾದ ಉಯಿಲುಗಳ ನಡುವೆ ಒಂದು ಕಲ್ಪಿತ ಉಯಿಲನ್ನು ಸೇರಿಸುವುದು. ಅದು ಅಮೆರಿಕದ ಕುಟುಂಬವನ್ನು ಇಂಗ್ಲೆಂಡಿನ ಘನವಂತರ ಮನೆಗೆ ಜೋಡಿಸುವ ಜಾಗದಲ್ಲಿಯೇ ಇರುವಂತೆ ನೋಡಿಕೊಳ್ಳುವುದು. ರಾಬರ್ಟ್ ಚಾರ್ಲ್ಸ್ ಆಂಡರ್ಸನ್ ಅವರು 1991ರಲ್ಲಿ ಈತನ ಕ್ರಮವನ್ನು ವಿವರವಾಗಿ ಬಯಲಿಗೆಳೆದಿದ್ದಾರೆ. ಮುದ್ರಿತ ಗ್ರಂಥದಲ್ಲಿ ಉಯಿಲಿನ ಸಾರಾಂಶವಿದ್ದು ನ್ಯಾಯಾಲಯದ ಪುಸ್ತಕದಲ್ಲಿ ಅದು ಇಲ್ಲದಿದ್ದರೆ ಪುಸ್ತಕವನ್ನೇ ನಂಬಬೇಕು.

ಪುಸ್ತಕವಾದರೂ ಮೂಲವಲ್ಲ, ಪ್ರತಿ. ಉಯಿಲು ಪ್ರಮಾಣೀಕೃತವಾದ ಮೇಲೆ ಗುಮಾಸ್ತನು ಅದನ್ನು ಸಂಪುಟಕ್ಕೆ ನಕಲು ಮಾಡುತ್ತಿದ್ದನು. ಸಹಿಯೂ ಅವನ ಕೈಬರಹವೇ. ಒಬ್ಬನ ಹೆಸರು ಒಂದೇ ಪತ್ರದಲ್ಲಿ ಎರಡು ಬಗೆಯಾಗಿ ಬಂದರೆ ಅದು ಲಿಪಿಕಾರನ ಕಿವಿಯ ಅಥವಾ ಕಣ್ಣಿನ ದೋಷವಾಗಿರಬಹುದು. ಮೂಲ ಸಹಿಗಳು ಉಳಿದಿರುವ ಕಡೆ ಮಾತ್ರ ಕೈಬರಹದಿಂದ ವ್ಯಕ್ತಿಯನ್ನು ನಿರ್ಣಯಿಸಬಹುದು.

ಪ್ರತಿಗಳೂ ಎಲ್ಲೆಡೆ ಉಳಿದಿಲ್ಲ. 1865ರ ಏಪ್ರಿಲಿನಲ್ಲಿ ರಿಚ್ಮಂಡ್ ನಗರ ಹೊತ್ತಿ ಉರಿದಾಗ, ಸುರಕ್ಷಿತವಾಗಿರಲೆಂದು ಹಲವು ಜಿಲ್ಲೆಗಳು ಅಲ್ಲಿಗೆ ಕಳುಹಿಸಿದ್ದ ದಾಖಲೆಗಳು ವಸಾಹತು ಕಾಲದ ಪ್ರಧಾನ ನ್ಯಾಯಾಲಯದ ಕಡತಗಳೊಡನೆ ಭಸ್ಮವಾದವು. ಸ್ಥಳದಲ್ಲಿಯೇ ಉಳಿದ ವೆಸ್ಟ್‌ಮೋರ್ಲೆಂಡಿನ ಪುಸ್ತಕಗಳು 1653ರಿಂದ ಮೊದಲ್ಗೊಂಡು ದೊರೆಯುತ್ತವೆ. ಫೇರ್‌ಫ್ಯಾಕ್ಸ್ ಜಿಲ್ಲೆಯ ನ್ಯಾಯಾಲಯದಲ್ಲಿ ಎರಡು ಉಯಿಲುಗಳಿದ್ದವು. 1799ರಲ್ಲಿ ಜಾರ್ಜ್ ವಾಷಿಂಗ್ಟನ್ ಬರೆದುದನ್ನು ಅಂತರ್ಯುದ್ಧ ಆರಂಭವಾದಾಗ ಗುಮಾಸ್ತನೊಬ್ಬ ರಿಚ್ಮಂಡಿಗೆ ಸಾಗಿಸಿದನು. ಅದು ಬೆಂಕಿಯಿಂದ ಪಾರಾಗಿ 1865ರಲ್ಲಿ ಹಿಂದಿರುಗಿತು. ಆತನ ಹೆಂಡತಿ ಮಾರ್ಥಾಳ ಉಯಿಲು ಅಲ್ಲಿಯೇ ಉಳಿದು 1862ರಲ್ಲಿ ಉತ್ತರದ ಸೈನ್ಯಾಧಿಕಾರಿಯೊಬ್ಬನ ಪಾಲಾಯಿತು. ಅನಂತರ ಅದು ಜೆ. ಪಿ. ಮಾರ್ಗನ್ ಅವರ ಸಂಗ್ರಹಕ್ಕೆ ಮಾರಾಟವಾಯಿತು. ವರ್ಜೀನಿಯ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ 1915ರಲ್ಲಿ ಫೇರ್‌ಫ್ಯಾಕ್ಸಿಗೆ ಮರಳಿ ಬಂದು ಗಂಡನ ಉಯಿಲಿನ ಜೊತೆ ಸೇರಿತು.